ಖಾಲಿ ಸೂಟ್‌ಕೇಸ್ ಹಿಡಿದು ರೇಟು ಕೇಳಲು ಹೋದೆ

ಎರಡು ವರ್ಷದ ಹಿಂದೆ, ಯುಗಾದಿ ಮುಗಿದ ಹೊಸದರಲ್ಲಿ ನಡೆದದ್ದು. ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳಕ್ಕೆ ಹೋಗುವ ರಸ್ತೆಯಲ್ಲಿ ನಮ್ಮ ಮನೆ. ಅದರ ಪಕ್ಕದಲ್ಲೇ ನಮ್ಮದೇ ಎರಡು ಕೋಣೆಯ ಪುಟ್ಟ ಮನೆಯೊಂದಿದೆ. ಅದರಲ್ಲಿ ಬಾಡಿಗೆಗಿದ್ದ ಮೇಷ್ಟ್ರಿಗೆ ವರ್ಗವಾಯಿತು. ಬೆಟ್ಟ ನೋಡಲು ಬರುವವರಿಗೆ ಆ ಮನೆಯನ್ನು ದಿನದ ಲೆಕ್ಕದಲ್ಲಿ ಕೊಡಬೇಕೆಂದು ನನಗೆ ಆಸೆಯಾಯಿತು. ನನ್ನ ಗಂಡನೂ ಹೂಂ ಅಂದರು. ಆದರೆ ಆ ಮನೆಯಲ್ಲಿ ನಮ್ಮ ಭಾವನಿಗೂ ಪಾಲಿತ್ತು. ಬಾಗೂರಿನಲ್ಲಿ ಅವರದು ತೆಂಗಿನಕಾಯಿ ವ್ಯಾಪಾರ. ಕಾಯಿ ತುಂಬಿಸಲು ಒಂದು ಗೋಡೌನ್ ಹುಡುಕುತ್ತಿದ್ದರು.

"ದಸರಾವರ್ಗೂ ನೋಡ್ತೀನಿ ಕಣಮ್ಮ. ಅಷ್ಟೊತ್ಗೆ ಏನೂ ಗಿಟ್ಟಲಿಲ್ಲ ಅಂದ್ರೆ ಬೀಗದ್ಕೈ ನಂಗೆ ಕೊಟ್ಬುಡ್ಬೇಕು," ಅಂದರು. ನಾನು ಒಪ್ಪಿಕೊಂಡೆ.

ಸುಣ್ಣ ಬಣ್ಣ ಮಾಡಿಸಿ, ಕಾಗದಪತ್ರ ಮುಗಿಸಿ, ರೂಮು ಬುಕ್ ಮಾಡುವ ಒಂದು ಆ್ಯಪ್‌ನಲ್ಲಿ ಮನೆಯ ಫೋಟೋ ಹಾಕಿದೆ. ರೇಟು ಎಷ್ಟು ಅಂತ ಅದು ಕೇಳಿದಾಗ ಏನು ಬರೆಯಬೇಕೋ ತಿಳಿಯಲಿಲ್ಲ. ಗೊತ್ತಿದ್ದವರೆಲ್ಲ, "ಹೊಸಬರು ನೀವು, ಕಮ್ಮಿ ಇಡಿ, ಜನ ಬರಲಿ" ಅಂದರು. ದಿನಕ್ಕೆ ಆರುನೂರು ಅಂತ ಹಾಕಿಬಿಟ್ಟೆ.

ಜನ ಬಂದರು. ಇಬ್ಬರೆಂದು ಬುಕ್ ಮಾಡಿ ಕಾರಿನ ತುಂಬ ಬಂದು ಇಳಿದರು. ದಿನವೂ ಬೆಡ್‌ಶೀಟ್ ಒಗೆದು ಒಗೆದು ನನ್ನ ಅಂಗೈ ಸುಲಿದುಹೋಯಿತು. ಒಮ್ಮೆ ಬಂದ ಹುಡುಗರು ಕೈತೊಳೆಯುವ ಬೇಸಿನ್ ಮುರಿದು, ಹೇಳದೆ ಹೊರಟುಹೋದರು. ಬೇಸಿಗೆ ಬೇರೆ, ನೀರಿಗೆ ಟ್ಯಾಂಕರ್ ತರಿಸಬೇಕು. ಒಂದು ಭಾನುವಾರ ಗಂಡ ಹೆಂಡತಿ ಕೂತು ಲೆಕ್ಕ ಹಾಕಿದೆವು. ಟ್ಯಾಂಕರ್, ಗ್ಯಾಸು, ಸೋಪು, ಆ್ಯಪ್‌ನವರ ಪಾಲು ಎಲ್ಲ ಕಳೆದರೆ, ನಾವೇ ಕೈಯಿಂದ ಹಾಕಿ ಜನರನ್ನು ಮಲಗಿಸುತ್ತಿದ್ದೆವು!

ಬೇರೆಯವರು ಎಷ್ಟು ತೆಗೆದುಕೊಳ್ಳುತ್ತಾರೆ, ಹೇಗೆ ತೆಗೆದುಕೊಳ್ಳುತ್ತಾರೆ ಎಂದು ನೋಡಲೇಬೇಕು ಅನ್ನಿಸಿತು. ಊರಿನಲ್ಲಿ ಕೇಳಿದರೆ ಗುರುತು ಸಿಗುತ್ತದೆ ಎಂದು ಹಾಸನದ ಬಸ್ಸು ಹತ್ತಿದೆ. ಪ್ರವಾಸಿಯ ಹಾಗೆ ಕಾಣಲೆಂದು ಮದುವೆಯಲ್ಲಿ ಕೊಟ್ಟಿದ್ದ ದೊಡ್ಡ ಸೂಟ್‌ಕೇಸನ್ನೂ ಹಿಡಿದುಕೊಂಡೆ. ಒಳಗೆ ಏನೂ ಇರಲಿಲ್ಲ.

ಬೇಲೂರು ರಸ್ತೆಯ ಕಡೆ ಒಂದು ಹೋಂಸ್ಟೇ. ಮುಂದೆ ಕನಕಾಂಬರದ ಗಿಡಗಳು, ಒರೆಸಿ ಒರೆಸಿ ಹೊಳೆಯುವ ಕೆಂಪು ಗಾರೆ ನೆಲ. ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಹೊರಗೆ ಬಂದರು. ಹೆಸರು ಸರೋಜಮ್ಮ, ಅವರೇ ಮಾಲೀಕರು.

"ರೂಮಿಗೆ ದಿನಕ್ಕೆ ಎಷ್ಟು? ಶನಿವಾರ ಆದ್ರೆ ಎಷ್ಟು? ಒಬ್ಬರು ಜಾಸ್ತಿ ಆದ್ರೆ ಎಷ್ಟು?" ಒಂದೇ ಉಸಿರಿನಲ್ಲಿ ಕೇಳಿದೆ.

"ಮೊದ್ಲು ಒಳೀಕ್ ಬಾರಮ್ಮ, ಬಿಸ್ಲು," ಅನ್ನುತ್ತ ಅವರು ಸೂಟ್‌ಕೇಸಿಗೆ ಕೈ ಹಾಕಿದರು. ಭಾರವಿರಬಹುದೆಂದು ಜೋರಾಗಿ ಎತ್ತಿದ್ದರಿಂದ ಅದು ಹಗುರವಾಗಿ ಎದೆಯ ಮಟ್ಟಕ್ಕೆ ಹಾರಿಬಂತು. ಒಂದು ಗಳಿಗೆ ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಏನವ್ವ, ಪೆಟ್ಗೆ ತುಂಬಾ ಗಾಳಿ ತುಂಬ್ಕೊಂಡ್ ಬಂದಿದ್ದೀಯಾ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೈದು ಕಳಿಸುತ್ತಾರೆ ಅಂದುಕೊಂಡಿದ್ದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನೆಟ್ಗೆ ಕೇಳಿದ್ರೆ ಯೋಳ್ತಿರ್ನಿಲ್ವಾ? ನಾನೂ ಸುರೂನಲ್ಲಿ ಇಂಗೇ ಪೇಚಾಡ್ದೋಳು ಕಣಮ್ಮ."

ಮಜ್ಜಿಗೆ ಕೊಟ್ಟು ಕೂರಿಸಿಕೊಂಡರು. "ಒಬ್ರು ಬಂದೋದ್ರೆ ನಿಂಗೆ ಎಷ್ಟು ಖರ್ಚಾಯ್ತದೆ, ಅದ್ನ ಮೊದ್ಲು ತಿಳ್ಕೊ. ಅದ್ರ ಕೆಳೀಕ್ ಯಾವತ್ತೂ ಇಳೀಬ್ಯಾಡ. ಅದ್ರ ಮ್ಯಾಲೆ ನಿನ್ ಕೂಲಿ ಸೇರ್ಸು. ನೀನು ಒಗ್ಯೋದು ಗುಡ್ಸೋದು ಪುಗ್ಸಟ್ಟೆ ಅಲ್ಲ."

ನನ್ನ ಕೂಲಿ! ಲೆಕ್ಕ ಹಾಕುವಾಗ ನಾನೂ ನನ್ನ ಗಂಡನೂ ಮರೆತಿದ್ದು ಅದೊಂದನ್ನೇ.

ವಾರದ ದಿನಕ್ಕೆ ಒಂದು ರೇಟು, ಶನಿವಾರ ಭಾನುವಾರಕ್ಕೆ ಸ್ವಲ್ಪ ಹೆಚ್ಚು. ಹಬ್ಬದ ರಜೆಯಲ್ಲಿ ಇನ್ನಷ್ಟು, ಆದರೆ ಬಂದವರು ಶಾಪ ಹಾಕುವಷ್ಟಲ್ಲ. ನಾಲ್ಕಾರು ದಿನ ಉಳಿಯುವವರಿಗೆ ರೇಟಿನಲ್ಲಿ ಸ್ವಲ್ಪ ಬಿಡು, ಯಾಕೆಂದರೆ ದಿನವೂ ಬೆಡ್‌ಶೀಟ್ ಬದಲಿಸುವ ಕೆಲಸ ತಪ್ಪುತ್ತದೆ. ಇಬ್ಬರ ಮೇಲೆ ಬಂದರೆ ತಲೆಗೆ ಎಷ್ಟು ಎಂದು ಮೊದಲೇ ಬರೆದುಬಿಡು. ಇದನ್ನೆಲ್ಲ ಅವರು ಮಗಳಿಗೆ ಅಡುಗೆ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟರು. ಹೊರಡುವಾಗ, "ರೇಟ್ ಏರ್ಸಿದ್ಮ್ಯಾಲೆ ಒಂದಷ್ಟ್ ದಿವ್ಸ ಯಾರೂ ಬರಾಕಿಲ್ಲ. ಎದೆ ಒಡ್ಕಬ್ಯಾಡ," ಅಂದರು.

ಅವತ್ತೇ ರೇಟನ್ನು ಸಾವಿರದ ಇನ್ನೂರಕ್ಕೆ ಏರಿಸಿದೆ. ಬೆಳಗಿನ ತಿಂಡಿಗೆ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಯನ್ನೂ ಸೇರಿಸಿದೆ. ಸರೋಜಮ್ಮ ಹೇಳಿದ ಹಾಗೇ ಆಯಿತು. ಫೋನು ಸದ್ದು ಮಾಡಲಿಲ್ಲ. ಬುಕಿಂಗ್ ಇಲ್ಲದೆ ವಾರಗಳು ಕಳೆದವು. ನನ್ನ ಗಂಡ, "ಒಂದಿನ್ನೂರು ಇಳಿಸಿ ನೋಡೋಣ್ವಾ?" ಅಂದರು. ಬೇಡ ಅಂದೆ. ಒಂದು ಸಂಜೆ ಕುಟುಂಬವೊಂದು ಗೇಟಿಗೇ ಬಂದು ಅರ್ಧಕ್ಕೆ ಕೇಳಿತು. ಬಾಗೂರಿನಿಂದ ಬಂದಿದ್ದ ಭಾವ ಜಗಲಿಯಲ್ಲೇ ಕೂತಿದ್ದರು. ನಾನು ಕೈಮುಗಿದು, "ಆಗಲ್ಲ" ಅಂದೆ. ಬಂದವರು ಹೊರಟುಹೋದರು.

"ಬಂದ ಲಕ್ಷ್ಮೀನ ಬಾಗ್ಲಿಂದ ಕಳಿಸ್ಬುಟ್ಟಲ್ಲಮ್ಮ!" ಅಂದರು ಭಾವ. ನಾನು ಒಳಗೆ ಹೋದೆ. ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಆದರೆ ರೇಟು ಇಳಿಸಲಿಲ್ಲ.

ಮಳೆಗಾಲ ಶುರುವಾದ ಮೇಲೆ ಹುಬ್ಬಳ್ಳಿಯಿಂದ ಗಂಡ ಹೆಂಡತಿ ಬಂದು ಮೂರು ದಿನ ಉಳಿದರು. ಹೋಗುವಾಗ ಆ ತಾಯಿ, "ಮೊದ್ಲ ಹೇಳಿದ್ದ ರೊಕ್ಕಕ್ಕಿಂತ ಒಂದ್ ರೂಪಾಯಿ ಹೆಚ್ಚಿಗಿ ಕೇಳಲಿಲ್ಲ ನೋಡ್ರಿ, ಅದ ನಮಗ ಭಾಳ ಸೇರ್ತು," ಅಂದರು. ಅದನ್ನೇ ಆ್ಯಪ್‌ನಲ್ಲೂ ಬರೆದರು. ಅಲ್ಲಿಂದ ನಿಧಾನವಾಗಿ ಜನ ಬರತೊಡಗಿದರು. ಮೊದಲಿನ ಅರ್ಧದಷ್ಟೂ ಇಲ್ಲ, ಆದರೆ ಕೈಯಲ್ಲಿ ನಾಲ್ಕು ಕಾಸು ನಿಂತಿತು. ಒಮ್ಮೆ ಸರೋಜಮ್ಮನವರೇ ಫೋನ್ ಮಾಡಿ, ಬೆಟ್ಟಕ್ಕೆ ಹೊರಟಿದ್ದ ತಮ್ಮ ಅತಿಥಿಗಳನ್ನು ನಮ್ಮಲ್ಲಿಗೆ ಕಳಿಸಿಕೊಟ್ಟರು.

ಆಯುಧಪೂಜೆಯ ಹಿಂದಿನ ದಿನ ಭಾವ ಬಂದರು. ಖರ್ಚು ಕಳೆದು ಉಳಿದದ್ದರಲ್ಲಿ ಅವರ ಪಾಲನ್ನು ಕೈಗಿಟ್ಟೆ. ಮೇಷ್ಟ್ರ ಬಾಡಿಗೆಯಲ್ಲಿ ಅಷ್ಟು ತಿಂಗಳಿಗೆ ಅವರಿಗೆ ಬರುತ್ತಿದ್ದುದಕ್ಕಿಂತ ಹೆಚ್ಚೇ ಇತ್ತು. ಎರಡು ಸಲ ಎಣಿಸಿದರು. ಅಷ್ಟರಲ್ಲಿ ಕಾರೊಂದು ಬಂದು ನಿಂತಿತು. ಇಳಿದವರು ರೇಟು ಕೇಳಿ, "ಜಾಸ್ತಿಯಾಯ್ತು, ಎಂಟುನೂರಕ್ಕೆ ಕೊಡಿ," ಅಂದರು.

ನಾನು ಬಾಯಿ ತೆರೆಯುವ ಮೊದಲೇ ಭಾವ ಎದ್ದು ನಿಂತರು. "ಇಲ್ಲ ಸಾ, ಇಲ್ಲಿ ಚೌಕಾಸಿ ನಡ್ಯಾಕಿಲ್ಲ. ನಂಗೇ ಕಮ್ಮಿ ಮಾಡಾಕಿಲ್ಲ ಇವಳು!"

ಕಾರಿನವರು ನಕ್ಕು, ಬ್ಯಾಗು ಇಳಿಸಿಕೊಂಡರು. ಭಾವ ಮೆಟ್ಟಿಲ ಮೇಲೆ ಕೂತರು. ಆಮೇಲೆ ಮೆಲ್ಲಗೆ, "ಅಲ್ಲ ಕಣಮ್ಮ, ಇಷ್ಟ್ ವರ್ಸ ದಲ್ಲಾಳಿಗುಳು ಯೋಳಿದ್ ರೇಟಿಗೇ ಕಾಯಿ ಕೊಟ್ಕಂಡ್ ಬಂದ್ನಲ್ಲ ನಾನು," ಅಂದರು. ಬೀಗದ ಕೈ ಕೇಳಲಿಲ್ಲ. ಗೋಡೌನಿಗೆ ಬಾಗೂರಿನಲ್ಲೇ ಬೇರೆ ಜಾಗ ಮಾಡಿಕೊಂಡರು.

ಈಗಲೂ ಹೊಸ ಹಂಗಾಮಿಗೆ ರೇಟು ಬದಲಿಸುವಾಗ ನನ್ನ ಬೆರಳು ಒಂದು ಗಳಿಗೆ ತಡೆಯುತ್ತದೆ. ಯಾರೂ ಬರದಿದ್ದರೆ ಎಂಬ ಹೆದರಿಕೆ ಹೋಗಿಲ್ಲ, ಹೋಗುವುದೂ ಇಲ್ಲವೇನೋ. ಆದರೆ ನನ್ನ ದುಡಿಮೆಗೆ ಬೆಲೆ ಕಟ್ಟಬೇಕಾದವಳು ಮೊದಲು ನಾನು. ಹಾಗೆಂದು ಮನಸ್ಸಿಗೆ ಹೇಳಿಕೊಂಡು ಬೆರಳನ್ನು ಒತ್ತುತ್ತೇನೆ.