ಕೊಡದ ಬಾಡಿಗೆಗೆ ಹನ್ನೆರಡು ರಸೀದಿ

ಅಣ್ಣಾ ನಗರದ ನಮ್ಮ ಮನೆ ಅಮ್ಮನ ಹೆಸರಿನಲ್ಲಿದೆ. ನಾನು ಅವರಿಗೆ ಇವತ್ತಿನವರೆಗೆ ಬಿಡಿಗಾಸು ಬಾಡಿಗೆ ಕೊಟ್ಟವನಲ್ಲ. ಆದರೂ ಪ್ರತಿ ಜನವರಿ, ತೆರಿಗೆ ವಿನಾಯಿತಿಗೆ ಆಫೀಸಿನವರು ಪುರಾವೆ ಕೇಳಿದ ಕೂಡಲೇ, ಅಮ್ಮ ಹನ್ನೆರಡು ಬಾಡಿಗೆ ರಸೀದಿಗಳಿಗೆ ರುಜು ಹಾಕುತ್ತಿದ್ದರು. ಇನ್ನೂ ಬಾರದ ಫೆಬ್ರವರಿ, ಮಾರ್ಚಿಗೂ ಸೇರಿಸಿ. ತಿಂಗಳು ತಿಂಗಳು ಬರೆದಂತೆ ಕಾಣಲಿ ಎಂದು ಮೂರು ಪೆನ್ನು. ಉಪಾಯ ನನ್ನ ಅಕ್ಕನ ಗಂಡನದು. ಭಾವ ತಾಂಬರಂನಿಂದ ರೈಲಿನಲ್ಲಿ ಬಂದು, ಗಡದ್ದಾಗಿ ಉಂಡು, ರೆವೆನ್ಯೂ ಸ್ಟಾಂಪುಗಳನ್ನು ನೆಕ್ಕಿ ನೆಕ್ಕಿ ಅಂಟಿಸುತ್ತಿದ್ದರು.

ಕಳೆದ ವರ್ಷ ಅದೇ ಹೊತ್ತಿಗೆ ಮನೆಗೆಲಸದಾಕೆ ಕೈ ಒರೆಸಿಕೊಳ್ಳುತ್ತಾ ಬಂದು ನಿಂತಳು. ಸರ್ಕಾರ ಹೆಂಗಸರಿಗೆ ಕೊಡುವ ತಿಂಗಳ ಹಣಕ್ಕೆ ಅವಳು ಹಾಕಿದ್ದ ಅರ್ಜಿ, ಆದಾಯ ಜಾಸ್ತಿ ಎಂದು ತಿರಸ್ಕಾರವಾಗಿತ್ತು. ಮತ್ತೆ ಕೇಳಿಕೊಳ್ಳಲು ಸಂಬಳದ ಚೀಟಿ ಬೇಕಂತೆ.

"ನೀವು ಕೊಡೋದೆಷ್ಟೋ ಅಷ್ಟೇ ಬರೀರಿ ಸಾರ್," ಎಂದಳು ತಮಿಳಿನಲ್ಲಿ. "ಆ ದುಡ್ಡು ಬಂದ್ರೆ ಒಂದು ಮನೆ ಕೆಲಸ ಬಿಡ್ತೀನಿ. ಮೊಣಕಾಲು ಕೇಳ್ತಿಲ್ಲ."

ಭಾವ ಕನ್ನಡಕ್ಕೆ ತಿರುಗಿದರು. "ಬರ್ದುಗಿರ್ದು ಕೊಟ್ಟೀಯ, ಹುಷಾರ್! ಏನ್ ಸುಳ್ಳು ಹೇಳಿದಾಳೋ. ಬಸ್ಸು ಫ್ರೀ, ಅಕ್ಕಿ ಫ್ರೀ. ಸಬ್ಸಿಡಿ ತಿಂದೇ ಕೆಟ್ರು ಇವರೆಲ್ಲ."

ತಾನು ಕಳ್ಳ, ಪರರ ನಂಬ. "ಆಮೇಲೆ ನೋಡೋಣ" ಎಂದು ನಾನು ಅವಳನ್ನು ಸಾಗಹಾಕಿದೆ.

ಅಮ್ಮ ಪೆನ್ನು ಹಿಡಿದೇ ಕೇಳಿದರು. "ಹಾಗಾದ್ರೆ ಇದು ಸಬ್ಸಿಡಿ ಅಲ್ವಾ?"

"ಛೆ, ಇದು ನಮ್ ದುಡ್ಡು ಅತ್ತೆ. ನಮ್ಮತ್ರಾನೇ ಉಳ್ಕೊಳ್ಳತ್ತೆ, ಅಷ್ಟೆ."

ಸರ್ಕಾರ ಎಣಿಸಿ ಕೊಟ್ಟರೂ, ಬರಬೇಕಾದ್ದನ್ನು ಬಿಟ್ಟುಕೊಟ್ಟರೂ, ಬೊಕ್ಕಸಕ್ಕೆ ಬೀಳುವ ತೂತು ಒಂದೇ. ಅದೂ ನಮ್ಮದು ಬಿಟ್ಟುಕೊಟ್ಟದ್ದಲ್ಲ, ಕದ್ದದ್ದು. ಇಷ್ಟು ತಿಳಿದೂ ನಾನು ಮುಂದಿನ ರಸೀದಿಯನ್ನು ಅಮ್ಮನ ಮುಂದೆ ಸರಿಸಿದೆ. ನನಗೆ ರುಜು ಬೇಕಿತ್ತು. ಹನ್ನೆರಡು ಸುಳ್ಳು ಚೀಟಿ ಸಿದ್ಧವಾದವು. ಅವಳ ಒಂದು ನಿಜದ ಚೀಟಿಯನ್ನು ನಾನು ಬರೆಯಲೇ ಇಲ್ಲ. ಅವಳ ಮರು ಅರ್ಜಿಯ ಗಡುವು ದಾಟಿತು.

ಮುಂದಿನ ತಿಂಗಳು ಒಂದನೇ ತಾರೀಖು ಅಮ್ಮ ನನ್ನೆದುರು ಕೈ ಚಾಚಿದರು.

"ಬಾಡಿಗೆ ಕೊಡು."

"ಯಾವ ಬಾಡಿಗೆ?"

"ಫೆಬ್ರವರೀದು. ಈಸ್ಕೊಂಡೆ ಅಂತ ರುಜು ಹಾಕಿದೀನಲ್ಲ. ಅವಳಿಗೆ ಕೊಡ್ತೀನಿ, ಒಂದು ಮನೆ ಕೆಲಸ ಬಿಡ್ಲಿ."

ನಾನು ತಮಾಷೆ ಎಂಬಂತೆ ನಕ್ಕುಬಿಟ್ಟೆ. ಅಮ್ಮ ನಗಲಿಲ್ಲ. ಚಾಚಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದರು.