ಗವಾಯಿಗಳ ಫಿಯಟ್

"ಕಾಲುವಿ ದಾರ್ಯಾಗ ಜೋರು ಓಡಿಸಬ್ಯಾಡ್ರಿ. ಗಾಡಿ ಹಾಡೂದು ನಿಲ್ಲಸ್ತೈತಿ." ದವಾಖಾನೆಯಲ್ಲಿ ನನ್ನ ಹೆಂಡತಿ ಕೊನೆಗೆ ಆಡಿದ ಮಾತು ಇದು.

ಗಾಡಿ ಅಂದರೆ ನನ್ನ ಫಿಯಟ್. ಮೊದಲು ಅದು ಒಬ್ಬ ಗವಾಯಿಗಳದಾಗಿತ್ತು. ಅವರು ತೀರಿಕೊಂಡ ಮೇಲೆ ನಾನು ಕೊಂಡು ಹೊಸಪೇಟೆಯಲ್ಲಿ ಬಾಡಿಗೆಗೆ ಓಡಿಸಿದೆ. ಬಾಡಿಗೆ ಇಲ್ಲದ ಸಂಜೆ ನಾವಿಬ್ಬರೂ ಕಾಲುವೆ ದಂಡೆ ಹಿಡಿದು ಕಂಪ್ಲಿ ಕಡೆ ಸುಮ್ಮನೆ ಹೋಗಿಬರುತ್ತಿದ್ದೆವು. ನಿಧಾನ ಹೋದರೆ ಗಾಡಿ ತಂಬೂರಿ ಹಂಗೆ ಗುಂಯ್ ಅನ್ನುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂತು ಅವಳೂ ಗುನುಗುತ್ತಿದ್ದಳು. ಮುಂದೆ ಬಾ ಅಂದರೆ, "ಮಂದಿ ನೋಡ್ತಾರ. ಬಾಡಿಗಿ ಗಿರಾಕಿ ಅನ್ಕೊಳ್ಲಿ ಬಿಡ್ರಿ" ಅನ್ನುತ್ತಿದ್ದಳು.

ಅವಳು ಹೋದ ಮೇಲೆ ಆ ಸೀಟು ನೋಡಲಾಗಲಿಲ್ಲ. ಗಾಡಿ ಮಾರುತ್ತೇನೆ ಅಂದೆ. ಗವಾಯಿಗಳ ಶಿಷ್ಯರೊಬ್ಬರು ಕೊಳ್ಳಲು ಬಂದರು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಲುವೆ ದಾರಿಗೆ ಹೋದೆ. ಗಾಡಿ ಗುಂಯ್ ಅಂದಿತು. ಅವರು ಕಣ್ಣು ಮುಚ್ಚಿ ಕೇಳಿದರು.

"ಇದಕ ಒಂದ ಸ್ವರ ಅಂತ ಗುರುಗಳು ಹೇಳ್ತಿದ್ರು. ಎರಡು ಕೇಳಾಕತ್ತಾವಲ್ರಿ?"

"ಬೇರಿಂಗ್ ಇರಬೇಕ್ರೀ" ಅಂದೆ.

"ಬೇರಿಂಗ್ ನಡುನಡುವ ಉಸಿರು ತಗೊಳ್ಳಂಗಿಲ್ರಿ."

ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದೆ. ಒಂದು ಸ್ವರ ನಿಂತಿತು. ಇನ್ನೊಂದು ತುಸು ತಡೆದು ನಿಂತಿತು.

ಅವರು ಹಿಂದೆ ನೋಡದೆ ಇಳಿದರು. "ಇದನ್ನ ಮಾರಬ್ಯಾಡ್ರಿ" ಅಂದವರೇ ಕಂಪ್ಲಿ ಬಸ್ಸಿಗೆ ಕೈ ಮಾಡಿದರು.

ಮರುದಿನ ಬೆಳಿಗ್ಗೆ ಹಿಂದಿನ ಸೀಟಿನ ಧೂಳು ಒರೆಸಿದೆ. ಅದೇ ದಾರಿಯಲ್ಲಿ ನಿಧಾನ ಹೋದೆ. ಒಮ್ಮೆಯೂ ತಿರುಗಿ ನೋಡಲಿಲ್ಲ. ದಾರಿ ಬಿಟ್ಟು ಹಿಂದೆ ನೋಡಿದರೆ ಅವಳಿಗೆ ಮೊದಲಿನಿಂದಲೂ ಸಿಟ್ಟು.