ಬೆಲ್ಲ ಕೊನೆಗೆ

ತರಕಾರಿ ಬೇಯುವ ಮೊದಲು ಬೆಲ್ಲ ಹಾಕಬಾರದು. ಹಾಕಿದರೆ ಆಮೇಲೆ ಅದು ಬೇಯುವುದೇ ಇಲ್ಲ, ಒಲೆಯ ಮುಂದೆ ತಪಸ್ಸು ಕೂತರೂ ಅಷ್ಟೆ. ಇದನ್ನು ನನಗೆ ಯಾವ ಶಾಲೆಯೂ ಹೇಳಿಕೊಟ್ಟದ್ದಲ್ಲ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಉಡುಪಿ ಕಡೆಯ ಮದುವೆ ಮನೆಗಳಲ್ಲಿ ತರಕಾರಿ ಹೆಚ್ಚುತ್ತಿದ್ದಾಗ, ಒಂದು ದಿನ ಅವಸರದಲ್ಲಿ ಅನಾನಸಿನ ಮೆಣಸ್ಕಾಯಿಗೆ, ಅದೇ ಸಿಹಿ-ಖಾರದ ಗೊಜ್ಜಿಗೆ, ಬೆಲ್ಲ ಮೊದಲೇ ಸುರಿದುಬಿಟ್ಟೆ. ಹಿರಿಯ ಅಡುಗೆಯವರು ಸೌಟಿನ ಹಿಡಿಯಿಂದ ನನ್ನ ಬೆರಳ ಗಂಟಿಗೆ ಒಂದು ಬಿಟ್ಟರು. ಆ ಪಾಠ ಈಗಲೂ ಬೆರಳಲ್ಲೇ ಇದೆ. ಪುಸ್ತಕದ ಪಾಠವಾಗಿದ್ದರೆ ಯಾವತ್ತೋ ಮರೆಯುತ್ತಿದ್ದೆ.

ದೆಹಲಿಯ ದ್ವಾರಕಾದಲ್ಲಿ ಒಂದು ಹೌಸಿಂಗ್ ಸೊಸೈಟಿಯ ಕ್ಲಬ್ ಇದೆ. ಅದರ ಅಡುಗೆಮನೆ ಹನ್ನೊಂದು ವರ್ಷಗಳಿಂದ ನನ್ನ ಕೈಯಲ್ಲಿದೆ. ಬೆಳಗ್ಗೆ ಇಡ್ಲಿ, ದೋಸೆ, ಉಪ್ಪಿಟ್ಟು. ಭಾನುವಾರ ಮಧ್ಯಾಹ್ನ ಊಟ. ನಾನು, ನನ್ನ ಹೆಂಡತಿ ಇಬ್ಬರೇ. ಅವಳು ರುಬ್ಬುವುದು, ನಾನು ಒಲೆ ನೋಡುವುದು. ರಜೆ ಅಂತ ಬಾಗಿಲು ಹಾಕಿದ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಜನವರಿಯ ಮಂಜಿನಲ್ಲಿ ಎದುರಿನ ಗೇಟು ಕಾಣಿಸದಿದ್ದಾಗಲೂ ನಮ್ಮ ಅಡುಗೆಮನೆಯ ಹೊಗೆಕೊಳವೆಯಿಂದ ಆವಿ ಹೋಗುತ್ತಿರುತ್ತದೆ.

ಕಳೆದ ಚಳಿಗಾಲದಲ್ಲಿ ಸೊಸೈಟಿಗೆ ಹೊಸ ಸೆಕ್ರೆಟರಿ ಬಂದರು. ಸರ್ಕಾರದ ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ಎಪ್ಪತ್ತರ ಹತ್ತಿರ ವಯಸ್ಸು, ಇಸ್ತ್ರಿ ಮಾಡಿದ ಸ್ವೆಟರು. ನಾನು ಅವರಿಗೆ ಹಿಂದಿಯಲ್ಲಿ ‘ಆಪ್’, ನೀವು, ಎನ್ನುತ್ತೇನೆ; ಅವರು ನನಗೆ ‘ತುಮ್’, ನೀನು, ಎನ್ನುತ್ತಾರೆ. ಬಂದ ಮೊದಲ ವಾರವೇ ಕೌಂಟರಿನ ಮುಂದೆ ನಿಂತು ಹೇಳಿದರು:

“ಇಡ್ಲಿ ಭಯ್ಯಾ, ಜನ ಬೋರ್ ಆಗಿದ್ದಾರೆ. ಬೇರೆ ಬೇರೆ ದೇಶದ ಐಟಂ ಬೇಕು. ನಿನ್ನ ಕೈಲಿ ಆಗುತ್ತೋ, ಹೊರಗಿನ ಕೇಟರರ್‌ಗೆ ಕೊಡೋದೋ?”

“ಏನು ಬೇಕು ಹೇಳಿ ಸಾಹೇಬ್. ಮಾಡ್ತೀನಿ.”

“ಮಾಡ್ತೀನಿ ಅಂತ ಎಲ್ಲರೂ ಹೇಳ್ತಾರೆ.”

ಮುಂದಿನ ಭಾನುವಾರದ ಊಟ ಪರೀಕ್ಷೆ ಎಂದು ತೀರ್ಮಾನವಾಯಿತು. ಕಮಿಟಿಯವರು ಉಂಡು ನೋಡುವುದು. ಸರಿ ಇದ್ದರೆ ಅಡುಗೆಮನೆ ನನ್ನದು, ಇಲ್ಲದಿದ್ದರೆ ತಿಂಗಳ ಕೊನೆಗೆ ಬೀಗದಕೈ ಕೊಡುವುದು. ಐದು ಪದಾರ್ಥ ಬರೆದುಕೊಟ್ಟರು. ನಾಲ್ಕು ನನಗೆ ಗೊತ್ತಿದ್ದವೇ. ಆಫೀಸ್ ಕ್ಯಾಂಟೀನುಗಳಲ್ಲಿ ಎಷ್ಟೋ ವರ್ಷ ಮಾಡಿದ್ದೆ. ಐದನೆಯದಕ್ಕೆ ಮಾತ್ರ ಇಂಟರ್ನೆಟ್ಟಿನಿಂದ ತೆಗೆದ ಒಂದು ಹಾಳೆಯನ್ನೇ ಕೊಟ್ಟರು. ಮೇಲೆ ಮಿರಮಿರ ಮಿಂಚುವ ಕಿತ್ತಳೆ ಬಣ್ಣದ ಕ್ಯಾರೆಟ್ಟಿನ ಚಿತ್ರ, ಪಕ್ಕದಲ್ಲಿ ಅನಾನಸಿನ ತುಂಡು, ಉದುರಿಸಿದ ತೆಂಗಿನಕಾಯಿ. ಕೆಳಗೆಲ್ಲ ಇಂಗ್ಲಿಷು.

“ಟ್ರಾಪಿಕಲ್ ಗ್ಲೇಝ್ಡ್ ಕ್ಯಾರೆಟ್. ಹಾಳೇಲಿ ಇದ್ದ ಹಾಗೇ ಬರಬೇಕು. ನಿನ್ನ ಸಾಂಬಾರ್ ಬುದ್ಧಿ ಅದರಲ್ಲಿ ಹಾಕಬೇಡ” ಎಂದರು.

ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಅದನ್ನು ಯಾರ ಮುಂದೆಯೂ ಮುಚ್ಚಿಟ್ಟಿಲ್ಲ, ಅದಕ್ಕಾಗಿ ತಲೆ ತಗ್ಗಿಸಿಯೂ ಇಲ್ಲ. ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ.

ಶನಿವಾರ ಮಧ್ಯಾಹ್ನ ಮನೆಯಲ್ಲಿ ಮಗಳು ಅದನ್ನು ಓದಿದಳು. ಅವಳು ಬಿ.ಕಾಂ. ಎರಡನೇ ವರ್ಷ, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಮಾತಾಡುವಾಗ ನಡುವೆ ಹಿಂದಿ ನುಗ್ಗುತ್ತದೆ, ಓದಲು ಒಂದಕ್ಷರವೂ ಬರುವುದಿಲ್ಲ.

“ಕ್ಯಾರೆಟ್, ಅನಾನಸ್ ಜ್ಯೂಸ್, ಸಕ್ಕರೆ, ಬೆಣ್ಣೆ, ಸಬ್ ಏಕ್ ಸಾಥ್ ಪ್ಯಾನ್‌ಗೆ ಹಾಕೋದು ಪಪ್ಪಾ. ಮುಚ್ಚಿ ಇಡೋದು. ಬಸ್.”

“ಒಟ್ಟಿಗೆ ಹಾಕಿದ್ರೆ ಬೇಯೋದಿಲ್ಲ.”

“ಲಿಖಾ ತೋ ಯಹೀ ಹೈ. ಬರೆದವರಿಗೆ ಗೊತ್ತಿರಲ್ವಾ? ನೀವು ಹಮೇಶಾ ನಿಮ್ಮದೇ ಸರಿ ಅಂತೀರಿ.”

“ನನ್ನದು ಸರಿ ಇದ್ದಾಗ ಬೇರೆಯವರದು ಸರಿ ಅಂತ ಹೇಗೆ ಹೇಳ್ಲಿ?”

ಹೆಂಡತಿ ಅನಾನಸಿನ ಕಣ್ಣು ತೆಗೆಯುತ್ತಿದ್ದವಳು ತಲೆ ಎತ್ತದೆ ಹೇಳಿದಳು. “ವಾದ ಯಾಕೆ ಮಾರಾಯ್ರೆ? ಮಾಡಿ ನೋಡಿ.”

ಮಾಡಿದೆವು. ಹಾಳೆಯ ಮಾತನ್ನು ಕೂದಲೆಳೆಯಷ್ಟೂ ಮೀರದೆ ಮಾಡಿದೆವು. ಮಗಳು ಮೊಬೈಲಿನಲ್ಲಿ ಸಮಯ ಹಿಡಿದಳು. ಇಪ್ಪತ್ತು ನಿಮಿಷಕ್ಕೆ ಮುಚ್ಚಳ ತೆಗೆದರೆ ಕ್ಯಾರೆಟ್ ಚಾಕುವಿಗೆ ತಲೆಬಾಗಲಿಲ್ಲ. ಮೂವತ್ತಕ್ಕೂ ಇಲ್ಲ. ಅಷ್ಟರಲ್ಲಿ ಪಾಕ ಗಟ್ಟಿಯಾಗಿ ತಳ ಹಿಡಿಯತೊಡಗಿತು, ಅಡುಗೆಮನೆ ತುಂಬ ಕಮಟು ವಾಸನೆ. ಮೇಲೆ ಮಿಂಚು, ಒಳಗೆ ಕಲ್ಲು. ಮಗಳು ಒಂದು ತುಂಡು ಕಚ್ಚಿದಳು. ಆ ಸದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

“ಅಚ್ಛಾ, ಒಪ್ಪಿದೆ” ಎಂದಳು.

ನಾನು ನಿಜ ಹೇಳುತ್ತೇನೆ: ಆ ಹೊತ್ತಿಗೆ ನನಗೆ ಹಬ್ಬವೇ ಆಗಿತ್ತು. “ನಾಳೆ ಇದನ್ನೇ ಬಡಿಸ್ತೇನೆ. ಹಾಳೇಲಿ ಇದ್ದ ಹಾಗೇ ಬೇಕು ಅಂದ್ರಲ್ಲ, ಇದ್ದ ಹಾಗೇ ಕೊಡ್ತೇನೆ. ಎಲ್ಲರ ಎದುರು ಅವರೇ ಕಚ್ಚಲಿ” ಎಂದೆ.

ಹೆಂಡತಿ ಚಾಕು ಕೆಳಗಿಟ್ಟಳು. “ಊಟಕ್ಕೆ ಕೂತವರೆಲ್ಲ ನಿಮಗೆ ಏನು ಮಾಡಿದ್ದಾರೆ? ಅವರ ಮೇಲಿನ ಸಿಟ್ಟಿಗೆ ಇವರ ಬಾಯಿಗೆ ಕಲ್ಲು ಹಾಕ್ತೀರಾ? ಕೆಡಿಸಿ ಗೆಲ್ಲೋದಕ್ಕೆ ಅಡುಗೆಯವರೇ ಬೇಕಾ, ಯಾರು ಬೇಕಾದ್ರೂ ಗೆಲ್ತಾರೆ.”

ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಅವಳು ನನಗೆ ಎದುರು ಹೇಳಿದ್ದು ಬೇಕಾದಷ್ಟು ಇದೆ. ಈ ಮಾತಿಗೆ ಮಾತ್ರ ಎದ್ದು ಒಲೆ ಆರಿಸಿದೆ. ಕಲ್ಲು ಕ್ಯಾರೆಟ್ಟನ್ನು ಎಸೆಯದೆ ಒಂದು ಸ್ಟೀಲ್ ಡಬ್ಬಿಗೆ ತುಂಬಿ ಎತ್ತಿಟ್ಟೆ. ಯಾಕೆ ಎಂದು ಅವಳು ಕೇಳಲಿಲ್ಲ. ಗೊತ್ತಿತ್ತು ಅವಳಿಗೆ.

ಭಾನುವಾರ ಬೆಳಗ್ಗೆ ತರಕಾರಿ ಮಂಡಿಯಿಂದ ಕೆಂಪು ಗಾಜರ್, ಅಂದರೆ ಇಲ್ಲಿನ ಕ್ಯಾರೆಟ್, ತಂದೆ. ಚಿತ್ರದಲ್ಲಿದ್ದದ್ದು ಕಿತ್ತಳೆ ಬಣ್ಣದ್ದು, ಅದು ಶೀತಲಗೃಹದಲ್ಲಿ ಮಲಗಿ ಎದ್ದು ಬಂದದ್ದು. ದೆಹಲಿಯ ಚಳಿಯಲ್ಲಿ ಈ ಕೆಂಪು ಗಾಜರ್ ಮಣ್ಣಿನ ಸಮೇತ ಬರುತ್ತದೆ, ಹಸಿಯಾಗಿ ತಿಂದರೂ ಸಿಹಿ. ಎದುರಿಗೆ ಇರುವುದನ್ನು ಬಿಟ್ಟು ಚಿತ್ರಕ್ಕೆ ಜೋತುಬೀಳುವವನು ನಾನಲ್ಲ. ಬೆಲ್ಲವನ್ನು ಮುರಿದು, ಮೂಸಿ, ನಾಲಿಗೆಗಿಟ್ಟು ನೋಡಿ ಕೊಂಡುತಂದೆ. ಇಲ್ಲಿ ಚಳಿಗಾಲದಲ್ಲಿ ಗಾಡಿಯ ಮೇಲೆ ಮಾರುವ ಬೆಲ್ಲಕ್ಕೆ ಸೋಂಪು, ಶುಂಠಿ ಸೇರಿಸಿರುತ್ತಾರೆ. ಬಂದ ಹೊಸತರಲ್ಲಿ ಅದು ತಿಳಿಯದೆ ಒಂದು ದೊಡ್ಡ ಪಾತ್ರೆ ಪಾಯಸಕ್ಕೆ ಸೋಂಪಿನ ಬೆಲ್ಲ ಹಾಕಿ, ಇಡೀ ಪಂಕ್ತಿಗೆ ಬಾಯಿವಾಸನೆಯ ಔಷಧಿ ಬಡಿಸಿದ ಹಾಗಾಗಿತ್ತು.

ಗಾಜರನ್ನು ಓರೆಯಾಗಿ ಹೆಚ್ಚಿ, ಚಿಟಿಕೆ ಅರಿಶಿನ, ಉಪ್ಪು, ಮುಳುಗುವಷ್ಟು ನೀರು ಹಾಕಿ ಒಲೆಗಿಟ್ಟೆ. ಬೇರೇನೂ ಇಲ್ಲ. ಪಕ್ಕದಲ್ಲಿ ಹೆಂಡತಿ ತೆಂಗಿನಕಾಯಿಯನ್ನು ತೆಳ್ಳಗೆ ಸೀಳಿ ಕೆಂಪಗೆ ಹುರಿಯುತ್ತಿದ್ದಳು. ಅಷ್ಟರಲ್ಲಿ ಸೆಕ್ರೆಟರಿ ಒಳಗೆ ಬಂದರು. ಅವರ ಹಿಂದೆ ಕಮಿಟಿಯ ಒಬ್ಬರು ಆಂಟಿ. ಕೊಡಗಿನವರು, ಗಂಡ ಸೈನ್ಯದಲ್ಲಿದ್ದವರು, ನನ್ನ ಹತ್ತಿರ ಕನ್ನಡದಲ್ಲೇ ಮಾತಾಡುವವರು.

ಸೆಕ್ರೆಟರಿ ಪಾತ್ರೆಗೆ ಬಗ್ಗಿ ನೋಡಿದರು. “ಇದು ಹಲ್ವಾ ಮಾಡೋ ಗಾಜರ್ ಅಲ್ವಾ? ಜ್ಯೂಸ್ ಎಲ್ಲಿ, ಸಕ್ಕರೆ ಎಲ್ಲಿ? ಬರೀ ನೀರು?”

“ಬೆಂದ ಮೇಲೆ ಹಾಕ್ತೀನಿ. ಬೆಲ್ಲ ಹಾಕ್ತೀನಿ.”

“ಹಾಳೆಯಲ್ಲಿ ಏನಿದೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೇಳಿದರು: “ಪಢ್ ನಹೀ ಪಾಯೇ ಕ್ಯಾ? ಓದಲು ಬರೋದಿಲ್ಲ ಅಂದಿದ್ರೆ ನಾನೇ ಓದಿ ಹೇಳ್ತಿದ್ದೆ.”

ಮೆತ್ತಗೆ ಹೇಳಿದರು. ಬೈದಿದ್ದರೆ ನನಗೆ ಅಷ್ಟು ನಾಟುತ್ತಿರಲಿಲ್ಲ. ಹೆಂಡತಿಯ ಸೌಟು ನಿಂತಿತು. ಕೊಡಗಿನ ಆಂಟಿ ಕನ್ನಡದಲ್ಲಿ ಸಣ್ಣ ದನಿಯಲ್ಲಿ, “ಬಿಡಿ ಅಣ್ಣ, ಇವತ್ತೊಂದು ದಿನ ಹಠ ಬೇಡ” ಎಂದರು. ನನಗೂ ಗೊತ್ತಿತ್ತು, ಇವತ್ತೊಂದು ದಿನ ಹಠ ಬಿಟ್ಟರೆ ಅಡುಗೆಮನೆ ಉಳಿಯಬಹುದು. ಆದರೆ ಬೀಗದಕೈ ಮಾತ್ರ ನನ್ನ ಹತ್ತಿರ ಉಳಿಯುತ್ತದೆ, ಒಲೆ ಅವರದಾಗುತ್ತದೆ.

ನಾನು ಮನೆಯಿಂದ ತಂದು ಗೂಡಿನಲ್ಲಿಟ್ಟಿದ್ದ ಸ್ಟೀಲ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದೆ. “ಓದಿಸಿಕೊಂಡೆ ಸಾಹೇಬ್. ಮಗಳು ಓದಿದಳು, ಇಬ್ಬರೂ ಸೇರಿ ಮಾಡಿದೆವು. ನಿಮ್ಮ ಹಾಳೆಯ ಪ್ರಕಾರ ಬಂದದ್ದು ಇದು. ತಗೊಳ್ಳಿ.”

ಅವರು ಒಂದು ತುಂಡು ಬಾಯಿಗಿಟ್ಟರು. ಕಟಕ್ ಎಂದಿತು. ದವಡೆ ಹಿಡಿದುಕೊಂಡರು. ಆಮೇಲೆ ತಿಳಿಯಿತು, ಹಿಂದಿನ ವಾರವಷ್ಟೇ ಹಲ್ಲು ಕಟ್ಟಿಸಿಕೊಂಡಿದ್ದರಂತೆ. ಆಂಟಿ ಶಾಲಿನಿಂದ ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದರು.

“ಇದನ್ನೇ ಬಡಿಸು ಅಂದ್ರೆ ಬಡಿಸ್ತೀನಿ” ಎಂದೆ. “ಆದ್ರೆ ಮಾಡಿದ್ದು ನಾನು ಅಂತ ಹೇಳೋದಿಲ್ಲ. ನಂದು ಬೇಕಿದ್ರೆ ಅರ್ಧ ಗಂಟೆ ಹೊರಗೆ ಕೂತಿರಿ.”

ಹನ್ನೊಂದು ವರ್ಷದಲ್ಲಿ ಆ ಅಡುಗೆಮನೆಯಿಂದ ನಾನು ಯಾರನ್ನೂ ಹೊರಗೆ ಕಳಿಸಿರಲಿಲ್ಲ. ಅವರು ಡಬ್ಬಿಯನ್ನೂ ನನ್ನನ್ನೂ ಒಂದು ಸಲ ನೋಡಿ ಹೊರಟರು. ಹೆಂಡತಿ, “ಆಯ್ತು, ಬೀಗದಕೈ ಹುಡುಕಿಡಿ” ಎಂದಳು. ಆದರೆ ನಗುತ್ತಿದ್ದಳು.

ಗಾಜರಿಗೆ ಚಾಕು ಹಗುರವಾಗಿ ಇಳಿದಾಗ ನೀರು ಬಸಿದೆ. ಬಾಣಲೆಯಲ್ಲಿ ತೆಂಗಿನೆಣ್ಣೆ, ಸಾಸಿವೆ, ಕರಿಬೇವು, ಎರಡು ಬ್ಯಾಡಗಿ ಮೆಣಸು. ಅನಾನಸಿನ ತುಂಡು, ಅದರದೇ ರಸ. ರಸ ಅರ್ಧಕ್ಕೆ ಇಳಿದ ಮೇಲೆ ಗಾಜರ್, ಕಟ್ಟಕಡೆಗೆ ಬೆಲ್ಲ. ಆಗ ಸೌಟಿನಿಂದ ಕದಡಬಾರದು, ಬಾಣಲೆಯ ಎರಡು ಕಿವಿ ಹಿಡಿದು ಕುಲುಕಬೇಕು. ಪಾಕ ಒಂದೊಂದು ತುಂಡನ್ನೂ ಸುತ್ತಿಕೊಂಡು, ಗಾಜರಿನ ಕೆಂಪು ಬಣ್ಣ ಕುಂದಣದ ಹಾಗೆ ಹೊಳೆಯಿತು. ಮೇಲೆ ಹುರಿದ ತೆಂಗು, ಎಳ್ಳು. ಸಿಹಿ ಮೊದಲು, ಹುಳಿ ಆಮೇಲೆ, ಖಾರ ಗಂಟಲಿಗೆ ಇಳಿಯುವಾಗ. ಯಾವ ದೇಶದ್ದಾದರೂ ಹೆಸರು ಕೊಡಿ ಇದಕ್ಕೆ. ಅನಾನಸೂ ತೆಂಗೂ ಬೆಳೆಯುವ ಊರಿನವನು ನಾನು. ಅದನ್ನು ನನಗೆ ಹಾಳೆಯಲ್ಲಿ ತೋರಿಸುತ್ತಾರೆ.

ಊಟದಲ್ಲಿ ಅದೇ ಮೊದಲು ಖಾಲಿಯಾಯಿತು. ಪಾತ್ರೆಯ ತಳಕ್ಕೆ ಅಂಟಿದ್ದ ಪಾಕವನ್ನು ಯಾರೋ ರೊಟ್ಟಿಯಿಂದ ಒರೆಸಿಕೊಂಡು ತಿಂದರು. ಸೆಕ್ರೆಟರಿ ಎರಡು ಸಲ ಹಾಕಿಸಿಕೊಂಡರು. ಹೊಸದಾಗಿ ಕಟ್ಟಿಸಿಕೊಂಡ ಕಡೆಯ ಹಲ್ಲಿನಿಂದಲೇ ಅಗಿದದ್ದನ್ನು ನಾನು ಕೌಂಟರಿನಿಂದ ನೋಡಿದೆ.

ಮರುದಿನ ಬಂದರು. “ಅಡುಗೆಮನೆ ನೀನೇ ನೋಡ್ಕೋ. ಆದ್ರೆ ನಿನ್ನ ವಿಧಾನ ಬರೆದು ಗೋಡೆಗೆ ಅಂಟಿಸು. ರೆಕಾರ್ಡ್ ಇರಬೇಕು. ಮಗಳ ಕೈಲಿ ಇಂಗ್ಲಿಷ್‌ನಲ್ಲಿ ಬರೆಸು.”

ಬರೆಸಲಿಲ್ಲ. ಕೂತು ನಾನೇ ಬರೆದೆ, ಕನ್ನಡದಲ್ಲಿ. ಏಳನೇ ಕ್ಲಾಸಿನ ಅಕ್ಷರ, ದಪ್ಪ ದಪ್ಪ. ಕೊನೆಯ ಸಾಲಿನ ಕೆಳಗೆ ಗೆರೆ ಎಳೆದೆ: ಬೆಲ್ಲ ಕೊನೆಗೆ. ಮಗಳು ಹೆಗಲ ಮೇಲಿಂದ ಬಗ್ಗಿ, “ಇದು ಯಾವ ಅಕ್ಷರ?” ಎಂದು ಆ ಸಾಲಿನ ಮೊದಲ ಅಕ್ಷರಕ್ಕೆ ಬೆರಳಿಟ್ಟಳು. ಹೇಳಿದೆ. ಎರಡನೆಯದಕ್ಕೂ ಇಟ್ಟಳು.

ಹಾಳೆಯನ್ನು ಒಲೆಯ ಎದುರಿನ ಟೈಲ್ಸಿಗೆ ಅಂಟಿಸಿದೆ. ಸೆಕ್ರೆಟರಿ ಕನ್ನಡಕ ಏರಿಸಿ ನೋಡಿದರು.

“ಇದನ್ನ ಯಾರು ಓದ್ತಾರೆ?”

“ನಾನು ಓದ್ತೀನಿ ಸಾಹೇಬ್. ಓದಲು ಬರೋದಿಲ್ಲ ಅಂದ್ರೆ ಹೇಳಿ, ನಾನೇ ಓದಿ ಹೇಳ್ತೀನಿ.”

ಅವರ ಮುಖ ಕೆಂಪಾಯಿತು. ಹಿಟ್ಟು ರುಬ್ಬುತ್ತಿದ್ದ ಹೆಂಡತಿ ಗ್ರೈಂಡರ್ ನಿಲ್ಲಿಸಿದಳು. ನಾನು ಕಣ್ಣು ತಗ್ಗಿಸಲಿಲ್ಲ. ಬೇಕಾದರೆ ಈಗ ಬೀಗದಕೈ ಕೇಳಲಿ, ಕೊಡುತ್ತೇನೆ ಎಂದುಕೊಂಡು ನಿಂತಿದ್ದೆ.

ಅವರು ಹೋಗಲಿಲ್ಲ. ಗೆರೆ ಎಳೆದಿದ್ದ ಸಾಲಿಗೆ ಬೆರಳಿಟ್ಟು, “ಅಚ್ಛಾ, ಓದಿ” ಎಂದರು. ಹಿಂದಿಯಲ್ಲಿ ಅದನ್ನು ‘ತುಮ್’ ಎನಿಸಿಕೊಳ್ಳುವವರಿಗೆ ಹೇಳುವ ರೀತಿ ಬೇರೆ, ‘ಆಪ್’ ಎನಿಸಿಕೊಳ್ಳುವವರಿಗೆ ಹೇಳುವ ರೀತಿ ಬೇರೆ. ಅವರು ಎರಡನೆಯ ರೀತಿಯಲ್ಲಿ ಹೇಳಿದರು.

ನಾನು ಮೊದಲ ಸಾಲಿನಿಂದ ಓದಿದೆ.